ಕೈ ಅಡಗಿಸಿಕೊಂಡು ಕೇಳುತ್ತಿದ್ದವರು

ಎದುರಿಗೆ ಕೂತವರು ಮಾತಾಡಲು ತೊಡಗಿದ ಕೂಡಲೇ ಮೇಡಂ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಡುತ್ತಿದ್ದರು. ಭುಜಗಳು ತುಸು ಮೇಲೇಳುತ್ತಿದ್ದವು. ಐವತ್ತು ದಾಟಿದ, ದಪ್ಪ ಕನ್ನಡಕದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆಯ ಹೆಂಗಸು ಆಗ ಚಳಿಗಾಲದ ಬೆಳಿಗ್ಗೆ ಶಾಲೆಯ ಬೆಂಚಿನ ಮೇಲೆ ಕೂತ ಹುಡುಗಿಯ ಹಾಗೆ ಕಾಣುತ್ತಿದ್ದರು. ಬಂದವರು ನಗಲಿ, ಅಳಲಿ, ಮಾತು ಮುಗಿಯುವ ತನಕ ಆ ಕೈಗಳು ಹೊರಗೆ ಬರುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಕೈ ಹೊರಗಿದ್ರೆ ಸಮಾಧಾನ ಮಾಡೋಕೆ ಹೋಗತ್ತೆ ಕಣಮ್ಮ," ಎಂದರು. "ಬೆನ್ನು ಸವರಿದ್ರೆ ಮಾತು ನಿಂತೋಗತ್ತೆ."

ನನ್ನ ಅನುಮಾನ ಶುರುವಾದದ್ದು ಆ ಉತ್ತರದಿಂದಲೇ. ಅಳುವವರ ಬೆನ್ನು ಸವರದೆ ಇರುವುದು ಅವರ ಮೇಲಿನ ಗೌರವವೋ, ಇನ್ನಷ್ಟು ಮಾತು ಹೊರಬರಲಿ ಎಂಬ ಉಪಾಯವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಬ್ರೂಕ್‌ಫೀಲ್ಡಿನ ಫ್ಲಾಟೊಂದರಲ್ಲಿ ಒಬ್ಬರೇ ಇದ್ದರು. ಏನು ಕೆಲಸವಾಗಿತ್ತೆಂದು ಕೇಳಿದರೆ "ಆಫೀಸ್ ಕೆಲಸ" ಎನ್ನುವುದರ ಆಚೆಗೆ ಹೋಗುತ್ತಿರಲಿಲ್ಲ. ಚಿತ್ರ ಬರೆಯುವವರು, ನಾಟಕದವರು, ಕುಣಿಯುವವರು, ಕವಿಗಳು, ಇಂಥವರನ್ನು ಮನೆಗೆ ಕರೆಸಿ ಮಾತಾಡಿಸಿ ಪುಸ್ತಕ ಮಾಡಬೇಕೆಂಬುದು ಅವರ ಆಸೆ. ನಿಮ್ಮ ಕಲೆ ಹೇಗೆ ಶುರುವಾಯಿತು ಎಂದು ಅವರು ಕೇಳುತ್ತಿರಲಿಲ್ಲ. ನೀವು ಯಾರು ಅಂತ ನಿಮಗೆ ಅನ್ನಿಸುತ್ತೆ, ಯಾವುದಕ್ಕೆ ಹೆದರುತ್ತೀರಿ, ಆ ಹೆದರಿಕೆ ವಾಸಿಯಾಯಿತೋ ಇಲ್ಲವೋ ಎಂದು ಕೇಳುತ್ತಿದ್ದರು.

ನಾನು ಅಲ್ಲೇ ಹತ್ತಿರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬಳಸುವವರಿಗೆ ಕೊಡುವ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಭಾಷಾವಿಜ್ಞಾನ ಓದಿದವಳಿಗೆ ದಿನವಿಡೀ ಯಾವ ಗುಂಡಿ ಒತ್ತಬೇಕೆಂದು ಬರೆದು ಬೇಸರ ಬಂದಿತ್ತು. ಮೇಡಂ ರೆಕಾರ್ಡ್ ಮಾಡಿದ ಮಾತುಗಳನ್ನು ಶನಿವಾರಗಳಂದು ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಿಕೊಡಲು ಒಪ್ಪಿಕೊಂಡೆ. ಇನ್ನೊಬ್ಬರ ಮಾತು ಟೈಪ್ ಮಾಡುವಾಗ ನಾನು ಮಾತಾಡಬೇಕಾಗುವುದಿಲ್ಲ ಎಂಬ ಅನುಕೂಲವೂ ಇತ್ತು.

ಹಿಂದಿನ ಪುಟ್ಟ ಕೋಣೆಯ ಗೋಡೆಗಳಿಗೆ ಮೇಡಂ ಕೌದಿಗಳನ್ನು ತೂಗುಹಾಕಿದ್ದರು. ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಬಂದು, ತಗಡಿನ ಶೆಡ್ಡುಗಳಲ್ಲಿದ್ದ ರಾಯಚೂರು, ಕೊಪ್ಪಳದ ಕಡೆಯ ಹೆಂಗಸರಿಂದ ಹೊಲಿಸಿದವು. ದನಿ ಗೋಡೆಗೆ ಬಡಿದು ಮಾರ್ದನಿಯಾಗದೆ ಇರಲಿ ಎಂದು ಈ ಏರ್ಪಾಟು. ಆದರೆ ಕಾಂಕ್ರೀಟ್ ಕಲಸುವ ಯಂತ್ರದ ಗದ್ದಲವನ್ನು ಯಾವ ಕೌದಿಯೂ ತಡೆಯುತ್ತಿರಲಿಲ್ಲ. ಹಾಗಾಗಿ ಆ ಕೆಲಸಗಾರರು ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿನಲ್ಲೇ ನಮ್ಮ ರೆಕಾರ್ಡಿಂಗ್. ಯಂತ್ರ ನಿಂತ ತಕ್ಷಣ ಮೇಡಂ ಫ್ಯಾನ್ ಆರಿಸಿ, ಕಿಟಕಿ ಹಾಕಿ, "ಬನ್ನಿ ಬನ್ನಿ, ಮನಸ್ಸು ಬಿಚ್ಚೋಕೆ ಮೇಸ್ತ್ರಿ ಪರ್ಮಿಶನ್ ಕೊಟ್ಟಾಯ್ತು" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಕ್ಕವರು ಬೇಗ ಬಾಯಿ ಬಿಡುತ್ತಾರೆ ಎಂದು ನಾನು ಗಮನಿಸಿದ್ದೆ. ಮೇಡಂ ನನಗಿಂತ ಮೊದಲೇ ಗಮನಿಸಿರಬೇಕು.

ಕಾಲ್ ಸೆಂಟರಿನಲ್ಲಿ ಬೇರೆ ದೇಶದ ಹೆಸರಿಟ್ಟುಕೊಂಡು ದುಡಿದಿದ್ದ ಒಬ್ಬ ಕವಿ ಬಂದಿದ್ದರು. ಊರಿಂದ ಅಪ್ಪನ ಫೋನ್ ಬಂದಾಗಲೂ ಬಾಯಿತಪ್ಪಿ ಆ ಹೆಸರನ್ನೇ ಹೇಳಿದ್ದರಂತೆ. ಅಪ್ಪ "ರಾಂಗ್ ನಂಬರ್, ಸಾರಿ ಸಾರ್" ಎಂದು ಇಟ್ಟುಬಿಟ್ಟರಂತೆ. ಅದನ್ನು ಹೇಳಿ ಅವರು ಬಹಳ ಹೊತ್ತು ಅತ್ತರು. ನಾನು ಟೈಪ್ ಮಾಡುವಾಗ ಆ ಜಾಗದಲ್ಲಿ ಆವರಣದೊಳಗೆ 'ಅಳುತ್ತಾರೆ' ಎಂದು ಹಾಕಿದ್ದೆ. ಮೇಡಂ ನೋಡಿದವರೇ ಹೊಡೆದುಹಾಕಿದರು.

"ಅಳು ಕಂಡ್ರೆ ಜನ ಮಾತು ಓದಲ್ಲ, ಅಳು ಓದ್ತಾರೆ. ತೆಗಿ."

ನನಗೆ ಅದು ಮೆಚ್ಚುಗೆಯಾಯಿತು. ಆದರೆ ಅವರ ಇನ್ನೊಂದು ಪದ್ಧತಿ ವಿಚಿತ್ರವೆನಿಸುತ್ತಿತ್ತು. ಟೈಪ್ ಆದ ಮೇಲೆ ಮಾತಾಡಿದವರನ್ನು ಮತ್ತೆ ಕರೆಸಿ, ಎಲ್ಲವನ್ನೂ ಏರಿಳಿತವಿಲ್ಲದ ದನಿಯಲ್ಲಿ ತಾವೇ ಓದಿ ಹೇಳಿ, ಪ್ರತಿ ಪುಟದ ಕೆಳಗೆ 'ಓದಿ ಹೇಳಿದರು, ಸರಿಯಿದೆ' ಎಂದು ಅವರ ಕೈಯಿಂದಲೇ ಬರೆಸಿ ಸಹಿ ಹಾಕಿಸುತ್ತಿದ್ದರು.

"ಇದೇನ್ ಮೇಡಂ, ಪೊಲೀಸ್ ಸ್ಟೇಷನ್ನಾ?" ಎಂದು ಆ ಕವಿ ರೇಗಿಸಿದಾಗ ಮೇಡಂ ನಕ್ಕು ಮಾತು ತೇಲಿಸಿದರು. ಈ ಅಭ್ಯಾಸ ಇವರಿಗೆ ಎಲ್ಲಿಂದ ಬಂತು ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಇಷ್ಟರೊಳಗೆ ನಾನೇ ಸಿಕ್ಕಿಬಿದ್ದೆ. ಒಂದು ಶನಿವಾರ ಬರಬೇಕಾದವರು ಮಾರತ್‌ಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತಿದ್ದರು. ದನಿಯ ಮಟ್ಟವನ್ನಷ್ಟೇ ನೋಡಬೇಕೆಂದು ಮೇಡಂ ನನ್ನನ್ನು ಅತಿಥಿಯ ಕುರ್ಚಿಯಲ್ಲಿ ಕೂರಿಸಿದರು.

"ಏನಾದ್ರೂ ಮಾತಾಡು. ನಿನ್ನೆ ಆಫೀಸಲ್ಲಿ ಏನಾಯ್ತು ಹೇಳು."

"ಮೀಟಿಂಗ್ ಇತ್ತು."

"ಹೂಂ."

"ನಾನು ಹೋಗ್ಲಿಲ್ಲ."

"ಯಾಕೆ?"

ಆ ಒಂದು 'ಯಾಕೆ'ಗೆ ನಾನು ಹೇಳುತ್ತಲೇ ಹೋದೆ. ಮೀಟಿಂಗುಗಳಲ್ಲಿ ಸರದಿಯಂತೆ ಹೆಸರು ಹೇಳಬೇಕಾದಾಗ ನನ್ನ ಗಂಟಲು ಕಟ್ಟುತ್ತದೆ, ಹೆಸರು ಗೊತ್ತು, ಆದರೆ ಅದು ನನ್ನದು ಅನ್ನಿಸುವುದಿಲ್ಲ, ಎದೆ ಹೊಡೆದುಕೊಂಡು ಶೌಚಾಲಯಕ್ಕೆ ಓಡಿಹೋಗುತ್ತೇನೆ, ಮನೋವೈದ್ಯರ ಹತ್ತಿರ ಹೋಗುತ್ತಿದ್ದೇನೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಮನೆಯಲ್ಲಿ ಗೊತ್ತಿಲ್ಲ, ಹುಡುಗನ ಕಡೆಯವರು ನೋಡಿಹೋಗಲು ಬರುವವರಿದ್ದಾರೆ. ಆಗ ಪಕ್ಕದ ಯಂತ್ರ ಗುಡುಗಿತು. ಮೇಡಂ ತೊಡೆಯಡಿಯಿಂದ ಕೈ ತೆಗೆದು ರೆಕಾರ್ಡರನ್ನು ನಿಲ್ಲಿಸಿದರು. ಅದು ಅಷ್ಟು ಹೊತ್ತೂ ಓಡುತ್ತಿತ್ತೆಂದು ಆಗಲೇ ನನಗೆ ತಿಳಿದದ್ದು.

"ದನಿ ಚೆನ್ನಾಗಿ ಬಂದಿದೆ," ಎಂದರು, ಅಷ್ಟೆ.

ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾರಿಗೂ ಹೇಳದ ಮಾತು ಈಗ ಒಬ್ಬರ ಬೀರುವಿನಲ್ಲಿ, ಪುಸ್ತಕ ಮಾಡಲು ಕೂತವರ ಬೀರುವಿನಲ್ಲಿ ಇತ್ತು. ಹೆಸರು ಬದಲಿಸಿ ಹಾಕಿದರೂ ಅಮ್ಮ ಎರಡು ಸಾಲು ಓದಿದರೆ ಸಾಕು, ಇದು ತನ್ನ ಮಗಳೇ ಎಂದು ಗುರುತಿಸುತ್ತಾಳೆ. ಅಳಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅದಕ್ಕೆ ಇನ್ನಷ್ಟು ಬೆಲೆ ಬಂದೀತು ಎಂಬ ಭಯ.

ಮುಂದಿನ ಶನಿವಾರ ಬಂದವರು ಮೇಲ್ಸೇತುವೆಯ ಕಂಬಗಳ ಮೇಲೆ, ಶಾಲೆಗಳ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುವ ಕಲಾವಿದರು. ಗದಗದ ಕಡೆಯವರು. ಉಗುರುಗಳಲ್ಲಿ ಬಣ್ಣ ಇತ್ತು. ಕೂತು ನೀರು ಕುಡಿದು, ಮೇಡಂ ಕೈಗಳನ್ನು ತೊಡೆಯಡಿ ಸೇರಿಸಿದ್ದನ್ನೇ ನೋಡುತ್ತಾ ಇದ್ದರು.

"ಮೇಡಂ, ನನ್ನ ನೆನಪೈತೇನ್ರಿ?"

ಮೇಡಂ ಕನ್ನಡಕ ಸರಿಮಾಡಿಕೊಳ್ಳಲು ಕೈ ಹೊರತೆಗೆದರು.

"ಪೀಣ್ಯದಾಗ ನೀವು ನನ್ನ ಹೇಳಿಕಿ ಬರಕೊಂಡಿದ್ರಿ. ಆವಾಗೂ ಹಿಂಗ ಕೈ ಇಟಗೊಂಡು ಕುಂತಿದ್ರಿ."

ಉಳಿದದ್ದನ್ನೂ ಆ ಕಲಾವಿದರೇ ಹೇಳಿದರು. ಅವರು ಆಗ ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸದಲ್ಲಿದ್ದ ಹುಡುಗ. ಕ್ಯಾಂಟೀನಿನ ಗೋಡೆಯ ಮೇಲೆ ಯಾರೋ ಸೂಪರ್‌ವೈಸರನ್ನು ಎಮ್ಮೆಯ ಹಾಗೆ, ಅದೂ ಟೈ ಕಟ್ಟಿದ ಎಮ್ಮೆಯ ಹಾಗೆ ಬರೆದಿದ್ದರು. ಯಾರೆಂದು ಗೊತ್ತಿರಲಿಲ್ಲ, ಯಾರೂ ಬಾಯಿ ಬಿಟ್ಟಿರಲಿಲ್ಲ. ತಪ್ಪು ಮಾಡಿದ ಕಾರ್ಮಿಕರನ್ನು ಕರೆದು ವಿಚಾರಿಸಿ, ಹೇಳಿಕೆ ಬರೆದುಕೊಂಡು, ಓದಿ ಹೇಳಿ ಸಹಿ ಮಾಡಿಸುವುದು ಮೇಡಂ ಅವರ ಕೆಲಸ. ಅದೇ ಆ 'ಆಫೀಸ್ ಕೆಲಸ'.

"ಎಲ್ಲಾರಿಗೂ ಇವರು ಯಾರು ಬರದದ್ದು ಅಂತ ಕೇಳಿದ್ರು. ನನ್ನ ಕರದಾಗ ಹಂಗ ಕೇಳಲಿಲ್ರಿ. 'ಚಿತ್ರ ಬಾಳ ಚೆನ್ನಾಗಿದೆ, ಯಾರ ಹತ್ರ ಕಲಿತೆ?' ಅಂದ್ರು. ಅಲ್ಲೀ ಮಟ ಯಾರೂ ನನ್ನ ಚಿತ್ರ ಛಲೋ ಅಂದಿದ್ದಿಲ್ಲ. 'ಯಾರ ಹಂತ್ಯಾಕೂ ಇಲ್ರೀ ಮೇಡಂ, ನಾನ ಕಲತೇನಿ' ಅಂದ್ಬಿಟ್ಟೆ." ಅವರು ನನ್ನ ಕಡೆ ತಿರುಗಿ ನಕ್ಕರು. "ನೋಡ್ರಿ ಅಕ್ಕಾರ, ನನ್ನ ಚಿತ್ರಕ್ಕ ಸಿಕ್ಕ ಮೊದಲನೇ ಬಹುಮಾನ. ಕೆಲಸ ಹೋತು."

ಅಕ್ಕಾರ ಎಂಬ ನಾನು ಹೆಡ್‌ಫೋನ್ ತೆಗೆಯಲೋ ಬೇಡವೋ ತಿಳಿಯದೆ ಕೂತಿದ್ದೆ.

"ನಾ ಜಗಳಾಡಾಕ ಬಂದಿಲ್ರಿ," ಎಂದರು ಅವರು ಮೇಡಂಗೆ. "ಒಂದು ಹೇಳಿಬಿಡ್ರಿ. ಆ ಚಿತ್ರ ನಿಮಗ ಖರೇನ ಛಲೋ ಅನಿಸಿತ್ತೋ, ಇಲ್ಲಾ ನನ್ನ ಬಾಯಿ ಬಿಡಸಾಕ ಅಂದ್ರೋ?"

ಮೇಡಂ ಹೇಳಿದರು: "ಎರಡೂ ನಿಜ. ಚಿತ್ರ ಚೆನ್ನಾಗಿತ್ತು. ಚೆನ್ನಾಗಿದೆ ಅಂದ್ರೆ ನೀನು ಒಪ್ಕೊಳ್ತೀಯ ಅಂತಾನೂ ಗೊತ್ತಿತ್ತು."

ಕಲಾವಿದರು ಎದ್ದುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. "ಹಂಗಾದ್ರ ಈಗ ಬರಕೋರಿ," ಎಂದು ಕಾಲು ಚಾಚಿ ಕೂತರು. ಮೇಸ್ತ್ರಿಯ ಯಂತ್ರ ಮತ್ತೆ ಶುರುವಾದ ಮೇಲೂ ಅವರ ಮಾತು ಮುಗಿದಿರಲಿಲ್ಲ. ಅವರು ಹೋದ ಬಳಿಕ ಮೇಡಂ ನನಗೆ, "ಪೀಣ್ಯದ ವಿಷಯಾನೂ ಟೈಪ್ ಮಾಡು, ಒಂದಕ್ಷರ ಬಿಡಬೇಡ" ಎಂದರು.

ಇದನ್ನು ಪ್ರಾಮಾಣಿಕತೆ ಎನ್ನಬಹುದು. ನನಗೆ ಮಾತ್ರ ಬೇರೇನೋ ಅನ್ನಿಸುತ್ತಿತ್ತು. ನನಗೆ ಕೇಳಿದ 'ಯಾಕೆ'ಯಲ್ಲೂ ಹೀಗೇ ಎರಡು ನಿಜಗಳಿದ್ದವೇ? ಅಂದು ಕೇಳದೆ ಹೋದರೆ ಮುಂದೆಂದೂ ಕೇಳಲಾರೆ ಎನ್ನಿಸಿತು.

"ಮೇಡಂ, ನನ್ನ ಮಾತು ಅಳಿಸಿಬಿಡಿ."

ಅವರು ಆಶ್ಚರ್ಯಪಡಲಿಲ್ಲ. "ಬೇಕಂತಲೇ ಆನ್ ಮಾಡಿದ್ರಾ ಅಂತ ಕೇಳಲ್ವಾ?"

"ಮಾಡಿದ್ರಾ?"

"ಹೌದು ಅಂದ್ರೂ ನಂಬಲ್ಲ, ಇಲ್ಲ ಅಂದ್ರೂ ನಂಬಲ್ಲ ನೀನು. ಬಿಡು. ಅಳಿಸೋದು ಇದ್ದೇ ಇದೆ, ಮೊದಲು ಟೈಪ್ ಮಾಡು. ಕೇಳದೇ ಅಳಿಸಿದ್ರೆ, ಏನು ಹೇಳ್ಬಿಟ್ನೋ ಅಂತ ಸಾಯೋ ತನಕ ಹೆದರ್ಕೊಂಡಿರ್ತೀಯ."

ಇದೂ ಉಪಾಯವಿರಬಹುದು ಎಂದುಕೊಂಡೇ ಟೈಪ್ ಮಾಡಿದೆ. ಬೇರೆಯವರ ಮಾತನ್ನು ಹೇಗೋ ಹಾಗೆಯೇ, ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ. ಹೆಡ್‌ಫೋನಿನೊಳಗಿನ ಹುಡುಗಿ ನಾನು ಅಂದುಕೊಂಡಷ್ಟು ತೊದಲುತ್ತಿರಲಿಲ್ಲ. ಆಮೇಲೆ ಮೇಡಂ ಅದನ್ನು ಕರೆಂಟ್ ಬಿಲ್ ಓದುವ ಹಾಗೆ ಓದಿ ಹೇಳಿದರು. 'ಎದೆ ಹೊಡೆದುಕೊಳ್ಳುತ್ತದೆ' ಎಂಬುದನ್ನೂ ಅದೇ ದನಿಯಲ್ಲಿ. ಕೇಳುತ್ತಾ ಕೇಳುತ್ತಾ ಅದು ಮುಚ್ಚಿಡಬೇಕಾದ ಘೋರ ಸಂಗತಿಯಾಗಿ ಉಳಿಯಲಿಲ್ಲ. ಒಬ್ಬಳಿಗೆ ಹೀಗೆ ಆಗುತ್ತದೆ, ಔಷಧಿ ನಡೆಯುತ್ತಿದೆ, ಅಷ್ಟೆ.

ಪೆನ್ನು ಕೊಟ್ಟರು. ನಾನು ಬರೆದೆ: 'ಓದಿ ಹೇಳಿದರು. ಸರಿಯಿದೆ. ಪ್ರಕಟಿಸಲು ಒಪ್ಪಿಗೆ ಇಲ್ಲ.'

ಮೇಡಂ ಆ ಸಾಲುಗಳನ್ನು ಓದಿದರು. "ಪೀಣ್ಯದಲ್ಲಿ ಈ ಕೊನೇ ಸಾಲು ಬರೆಯೋಕೆ ಯಾರಿಗೂ ಜಾಗಾನೇ ಇರ್ಲಿಲ್ಲ ಕಣಮ್ಮ," ಎಂದು ಹಾಳೆಗಳನ್ನು ನನಗೇ ಕೊಟ್ಟರು. ರೆಕಾರ್ಡರ್‌ನಲ್ಲಿದ್ದುದನ್ನು ನಾನೇ ಅಳಿಸಿದೆ.

ಸಂಕ್ರಾಂತಿಗೆ ಕೆಲವು ದಿನ ಮುಂಚೆ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಪುಸ್ತಕ ಮುಗಿದಿರಲಿಲ್ಲ. ಚಿತಾಗಾರಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ. ಗೋಡೆ ಚಿತ್ರದ ಕಲಾವಿದರು ಬಂದಿದ್ದರು.

"ನಿಮ್ಮದೂ ಬರಕೊಂಡಿದ್ರೇನ್ರಿ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

"ಹೂಂ. ಅಳಿಸಿದೆ."

"ಅಳಸಾಕ ಬಿಟ್ರಾ? ಸುಧಾರಿಸಿದ್ರು ಹಂಗಾದ್ರ," ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

ಮೇಡಂ ಅವರ ಅಣ್ಣ ಹಾರ್ಡ್ ಡಿಸ್ಕನ್ನು ನನ್ನ ಕೈಗಿಟ್ಟು, "ಇದರ ಬಗ್ಗೆ ನಮಗೇನೂ ತಿಳಿಯಲ್ಲಮ್ಮ, ನೀವೇ ನೋಡಿ" ಎಂದರು. ನಾನು ಅದರಲ್ಲಿ ಮೊದಲು ಹುಡುಕಿದ್ದು ನನ್ನ ದನಿಯನ್ನೇ. ಸಿಗಲಿಲ್ಲ. ಸಿಗಲಿಲ್ಲ ಎಂದರೆ ಬೇರೆಲ್ಲೂ ಇಲ್ಲ ಎಂದಲ್ಲ. ಅವರನ್ನು ನಾನು ಪೂರ್ತಿ ನಂಬಿದ್ದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ, ಸುಳ್ಳಿಗೆ ಅವರು ಸಹಿ ಹಾಕಿಸುತ್ತಿರಲಿಲ್ಲ. ಆದರೆ ಆ ಡಿಸ್ಕ್ ತಂದ ಸಂಜೆ ಮನೆಯಲ್ಲಿ ನಾನು ಮಾಡಿದ್ದನ್ನು ಅವರ ಕೋಣೆಯಲ್ಲಿ ಕೂರದೆ ಹೋಗಿದ್ದರೆ ಮಾಡುತ್ತಿರಲಿಲ್ಲ. ಆ ಋಣ ಇದೆ.

ಅಮ್ಮ ಹಾಲಿನಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಆ ಹಾಳೆಗಳನ್ನು ತೆಗೆದು ಎದುರಿಗೆ ಕೂತೆ.

"ಏನೇ ಅದು?"

"ನಂದೇ. ಓದ್ತೀನಿ, ಮಧ್ಯ ಏನೂ ಕೇಳ್ಬೇಡ."

ಓದಿದೆ. ಮೀಟಿಂಗು, ಗಂಟಲು, ಶೌಚಾಲಯ. ಅಮ್ಮ ಹಿತುಕುತ್ತಲೇ ಇದ್ದಳು. ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುವ ಸದ್ದು ಕೇಳುತ್ತಿತ್ತು. ವೈದ್ಯರ ವಿಷಯ ಬಂದಾಗ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ.

"ಮಾತ್ರೆ ಊಟಕ್ಕೆ ಮುಂಚೆನೋ, ಆದ್ಮೇಲೋ?"

"ಆದ್ಮೇಲೆ."

"ಮತ್ತೆ ಹಸಿವಿಲ್ಲ ಅಂತ ದಿನಾ ಹಂಗೇ ಹೋಗಿ ಮಲಗ್ತೀಯಲ್ಲೇ, ಬುದ್ಧಿ ಬೇಡ್ವಾ?" ಅಮ್ಮನ ದನಿ ಒಡೆದಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಭಾನುವಾರ ಹುಡುಗನ ಕಡೆಯವರು ಬರೋದು ಬೇಡ ಅಂತ ನಾನೇ ಅವರಿಗೆ ಫೋನ್ ಮಾಡ್ತೀನಿ. ಇನ್ನೂ ಇದೆಯಾ?"

"ಇದೆ. ಎರಡು ಪುಟ."

"ನಿಲ್ಲಿಸ್ಬೇಡ. ಓದು."