ರೊಟ್ಟಿಗೆ ಮುನ್ನೂರು ಕ್ಯಾಲರಿ

ನನ್ನ ಗಂಡ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಪಾರ್ಕಿಂಗ್ ಗ್ಯಾರೇಜಿನಲ್ಲಿ, ಕೈಯಲ್ಲಿ ತಮ್ಮದೇ ಮೂತ್ರದ ಕ್ಯಾನ್ ಹಿಡಿದುಕೊಂಡು.

ಲಿಫ್ಟಿನ ಬಟನ್ ಒತ್ತಲು ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಹಿಂದೆ ಏನೋ ಧೊಪ್ಪೆಂದಿತು. ತಿರುಗಿ ನೋಡಿದರೆ ಇವರು ಕಾರಿನ ಚಕ್ರಕ್ಕೆ ಒರಗಿ ಕುಸಿದಿದ್ದರು. ಮುಖ ಬಿಳಿಚಿಕೊಂಡಿತ್ತು. ತುಟಿ ಒಡೆದು ರಕ್ತ. ಕ್ಯಾನಿನ ಮುಚ್ಚಳ ಹಾರಿ ಹೋಗಿ, ಇಪ್ಪತ್ತನಾಲ್ಕು ಗಂಟೆ ಜೋಪಾನ ಮಾಡಿದ್ದೆಲ್ಲ ಸಿಮೆಂಟಿನ ಮೇಲೆ ಹರಿಯುತ್ತಿತ್ತು. ನಾನು ಕಿರುಚುತ್ತ ಓಡಿಬಂದು ತಲೆ ಹಿಡಿದುಕೊಂಡೆ. ಕಣ್ಣು ಬಿಟ್ಟವರು ಮೊದಲು ಆಡಿದ ಮಾತು:

"ಕ್ಯಾನ್ ನೋಡ, ಶೈಲಾ. ಕ್ಯಾನ್ ಹಿಡಿ."

ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ. ಆ ಕ್ಷಣ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಹೆದರಿಕೆಯೂ.

ಹಿಂದಿನದನ್ನು ಹೇಳಬೇಕು. ನನ್ನ ಗಂಡ ಬಸವರಾಜ, ಸಿವಿಲ್ ಎಂಜಿನಿಯರ್. ನಾವಿರುವುದು ಡಾಲಸ್ ಹತ್ತಿರದ ಮರ್ಫಿಯಲ್ಲಿ. ಇವರ ಅಕ್ಕ ಗಿರಿಜಾ ಹ್ಯೂಸ್ಟನ್ನಿನಲ್ಲಿ, ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಪಕ್ಕದಲ್ಲೇ ಮನೆ. ಅಕ್ಕನ ಎರಡೂ ಕಿಡ್ನಿ ಹೋಗಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಅಕ್ಕನ ಗಂಡ ಮಹಾಂತೇಶ ಮಾಮಾ ಕೊಡೋಣವೆಂದರೆ ಅವರಿಗೆ ಶುಗರ್. ಇವರು ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಫೀಸು ಕಟ್ಟಿದವರು, ತಾಯಿ ತೀರಿದ ಮೇಲೆ ಡಬ್ಬಿ ಕಟ್ಟಿ ಕಳಿಸಿದವರು ಅಕ್ಕ. ಹಾಗಾಗಿ "ನನ್ನ ಕಿಡ್ನಿ ಕೊಡ್ತೀನಿ" ಎಂದು ಇವರು ಹೇಳಿದಾಗ ನನ್ನನ್ನು ಕೇಳಲಿಲ್ಲ, ನಾನೂ ಬೇಡವೆನ್ನಲಿಲ್ಲ. ಬ್ಲಡ್ ಗ್ರೂಪ್ ಹೊಂದಿತು.

ಹೊಂದದೇ ಇದ್ದದ್ದು ತೂಕ. ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದಳು: ಇಪ್ಪತ್ತೆಂಟು ಪೌಂಡ್ ಇಳಿಸಬೇಕು, ಅವಸರವಿಲ್ಲ, ಆರು ತಿಂಗಳು ತೆಗೆದುಕೊಳ್ಳಿ, ಡಯೆಟಿಷಿಯನ್ ಕೊಡುತ್ತೇವೆ. ಇವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು ಕಾಗದ, ಪೆನ್ನು ಹಿಡಿದು ಕೂತರು.

"ದಿನಕ್ಕ ಐದ್ನೂರು ಕ್ಯಾಲರಿ ಕಡಿಮಿ ಮಾಡಿದ್ರ ವಾರಕ್ಕ ಒಂದ ಪೌಂಡ್. ಸಾವಿರ ಮಾಡಿದ್ರ ಎರಡ. ನಾ ಸಾವಿರದ ಮ್ಯಾಲೆ ಹೋಗ್ತೀನಿ. ಹತ್ತ ವಾರದಾಗ ಮುಗಸ್ತೀನಿ."

"ಡಯೆಟಿಷಿಯನ್ ಕೊಡ್ತೀವಿ ಅಂದ್ರಲ್ರೀ."

"ಭಾಗಾಕಾರ ಮಾಡಾಕ ಡಯೆಟಿಷಿಯನ್ ಯಾಕ ಬೇಕ?"

ಕಟ್ಟಡಕ್ಕೆ ಎಷ್ಟು ಕಬ್ಬಿಣ ಬೇಕೆಂದು ಲೆಕ್ಕ ಹಾಕುವವರು ತಮ್ಮ ಮೈಯನ್ನೂ ಹಾಗೇ ತಿಳಿದರು. ಮರುದಿನವೇ ಫೋನಿಗೆ ಒಂದು ಆಪ್ ಬಂತು. ತಿಂದದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಅಡುಗೆಮನೆಯಲ್ಲಿ ತಕ್ಕಡಿ ಬಂತು. ನನ್ನ ಕೈಯಿಂದ ಎಣ್ಣೆಯ ಮಿಳ್ಳಿ ಹೋಯಿತು.

ಎರಡನೆಯ ದಿನ ದೊಡ್ಡ ತೊಡಕು ಎದುರಾಯಿತು. ಆಪಿನಲ್ಲಿ ಜೋಳದ ರೊಟ್ಟಿ ಇರಲಿಲ್ಲ. 'ರೋಟಿ' ಎಂದು ಒಂದಿತ್ತು. ಆದರೆ ಅದು ಗೋಧಿಯದು, ಸಣ್ಣದು ಎಂದು ಇವರು ಒಪ್ಪಲಿಲ್ಲ. ಫ್ರಿಜ್ಜಿನಿಂದ ಬರಿಟೋ ಎಂಬ ಮೆಕ್ಸಿಕನ್ ಸುರುಳಿ ಮಾಡುವ ದೊಡ್ಡ ಮೈದಾ ರೊಟ್ಟಿ, ಟೊರ್ಟಿಯಾ, ತೆಗೆದರು; ಪ್ಯಾಕೆಟ್ಟಿನ ಮೇಲೆ ಒಂದಕ್ಕೆ ಮುನ್ನೂರು ಕ್ಯಾಲರಿ ಎಂದಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಮೇಲೆ ನನ್ನ ರೊಟ್ಟಿ ಇಟ್ಟು, ಅಂಚಿಗೆ ಅಂಚು ಕೂಡಿಸಿ ನೋಡಿದರು.

"ನೋಡ, ಸೈಜ್ ಒಂದ ಅದ. ರೊಟ್ಟಿಗೆ ಮುನ್ನೂರು ಅಂತ ಹಾಕ್ತೀನಿ. ಹೆಚ್ಚಿಗಿ ಹಾಕಿದ್ರ ಸೇಫ್."

ಟೊರ್ಟಿಯಾ ಮೈದಾ, ಅದರೊಳಗೆ ಕೊಬ್ಬು ಕಲಸಿರುತ್ತದೆ, ದಪ್ಪ. ನನ್ನ ರೊಟ್ಟಿ ಬರೀ ಜೋಳದ ಹಿಟ್ಟು, ಬಿಸಿನೀರು. ಕಾಗದದಂತೆ ತಟ್ಟುತ್ತೇನೆ, ಅದು ನನ್ನ ಹೆಮ್ಮೆ. ಅಗಲ ಒಂದೇ ಆದರೂ ತೂಕ ಅರ್ಧಕ್ಕಿಂತ ಕಡಿಮೆ. ಪಕ್ಕದಲ್ಲೇ ತಕ್ಕಡಿ ಇತ್ತು. ಇಬ್ಬರಿಗೂ ತೂಗಬೇಕೆನ್ನಿಸಲಿಲ್ಲ. ಇವರ ತಪ್ಪು ಅಂತ ಎಲ್ಲರಿಗೂ ಹೇಳುತ್ತೇನೆ. ಆದರೆ ಆ ದಿನ ನಾನೂ ಅಲ್ಲೇ ನಿಂತಿದ್ದೆ. ನನ್ನ ರೊಟ್ಟಿ ಅಂಗಡಿಯ ಟೊರ್ಟಿಯಾದಷ್ಟೇ ದುಂಡಗಿದೆ ಎಂದು ಖುಷಿಪಡುತ್ತಿದ್ದೆ.

ದಿನಕ್ಕೆ ಮೂರು ರೊಟ್ಟಿ, ಸ್ವಲ್ಪ ಪಲ್ಯ, ಮಜ್ಜಿಗೆ. ಆಪಿನ ಪ್ರಕಾರ ಸಾವಿರದ ಮುನ್ನೂರು ಚಿಲ್ಲರೆ. ಹೊಟ್ಟೆಯ ಪ್ರಕಾರ ಎಂಟುನೂರೂ ಇರಲಿಲ್ಲ. ಇದರ ಮೇಲೆ ಬೆಳಗ್ಗೆ ಒಂದು ಗಂಟೆ ಟ್ರೆಡ್‌ಮಿಲ್.

ಇದರ ಮೇಲೆ ಸೋಮವಾರ.

ಅಕ್ಕನಿಗೆ ಆರಾಮಾಗಲಿ ಎಂದು ಇವರು ಸೋಮವಾರದ ಒಪ್ಪತ್ತು ಹೊತ್ತಿದ್ದರು. ದಿನವಿಡೀ ಏನೂ ಇಲ್ಲ, ಸಂಜೆ ಪೂಜೆಯಾದ ಮೇಲೆ ಒಂದೇ ಊಟ. ಅವತ್ತು ಆಪಿನಲ್ಲಿ ಏನೂ ಬರೆಯುತ್ತಿರಲಿಲ್ಲ. ಯಾಕೆಂದು ಕೇಳಿದೆ. "ಅದ ಡಯೆಟ್ ಅಲ್ಲ, ವ್ರತ. ದೇವರ ಹೆಸರಲೆ ಮಾಡಿದ್ದನ್ನ ಆಪಿನಾಗ ಹಾಕಬಾರ್ದು" ಎಂದರು. ಉಪವಾಸವನ್ನು ತೂಕಕ್ಕೆ ಸೇರಿಸಿಕೊಂಡರೆ ಅದರ ಫಲ ಅಕ್ಕನಿಗೆ ಸಿಗುವುದಿಲ್ಲ ಎಂಬ ಹೆದರಿಕೆ ಇವರಿಗೆ. ಹೊಟ್ಟೆಗೆ ವ್ರತ ಯಾವುದು, ಡಯೆಟ್ ಯಾವುದು ಎಂದು ಗೊತ್ತಾಗುತ್ತದೆಯೇ? ಕೇಳಲಿಲ್ಲ ನಾನು. ವ್ರತದ ಮಾತಿಗೆ ನಮ್ಮ ಮನೆಗಳಲ್ಲಿ ಯಾರೂ ಅಡ್ಡ ಬರುವುದಿಲ್ಲ.

ತೂಕ ಇಳಿಯಿತು. ಹೇಗೆ ಇಳಿಯಿತೆಂದರೆ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಇಡೀ ಡಾಲಸ್ ಇವರ ಸೊಂಟ ನೋಡಲು ಬಂತು. "ಏನ್ ಸರ್ ಸೀಕ್ರೆಟ್ಟು? ನಮ್ಮವ್ರಿಗೂ ಸ್ವಲ್ಪ ಹೇಳಿ" ಎಂದು ಮೈಸೂರಿನ ಆಂಟಿಯೊಬ್ಬರು ಕೈ ಹಿಡಿದುಕೊಂಡರು. ಇವರು ಹೋಳಿಗೆ ಬಿಟ್ಟು ಸೌತೆಕಾಯಿ ಕಚ್ಚುತ್ತ ಭಾಷಣ ಮಾಡಿದರು. ನಾನು ಪಕ್ಕದಲ್ಲಿ ನಿಂತು ನಕ್ಕೆ. ಮನೆಯಲ್ಲಿ ಇವರು ಮೆಟ್ಟಿಲು ಹತ್ತುವಾಗ ಕಟಕಟೆ ಹಿಡಿಯುತ್ತಿದ್ದರು. ಏಪ್ರಿಲ್ ಸೆಕೆಯಲ್ಲಿ ಸ್ವೆಟರ್ ಹಾಕುತ್ತಿದ್ದರು. ಬಾಚಣಿಗೆ ತುಂಬ ಕೂದಲು. ಸಣ್ಣ ಮಾತಿಗೂ ರೇಗಾಟ. ಅದನ್ನು ಯಾರಿಗೂ ಹೇಳಲಿಲ್ಲ.

ಆಸ್ಟಿನ್‌ನಲ್ಲಿ ಓದುತ್ತಿರುವ ಮಗಳು ಅಪೂರ್ವಾ ರಜೆಗೆ ಬಂದವಳು ಬಾಗಿಲಲ್ಲೇ ನಿಂತಳು. "ಅಪ್ಪಾ, ಯು ಲುಕ್ ಸಿಕ್." ನಾನು ಅವಳಿಗೇ ಬೈದೆ. ಅಪ್ಪ ಅಕ್ಕನಿಗೋಸ್ಕರ ಇಷ್ಟು ಕಷ್ಟಪಡುತ್ತಿರುವಾಗ ಹಾಗೆಲ್ಲ ಅನ್ನಬಾರದು ಎಂದೆ.

ಒಂಬತ್ತನೆಯ ವಾರದ ಕೊನೆಗೆ ಹ್ಯೂಸ್ಟನ್ನಿಗೆ ಹೋದೆವು. ಮಂಗಳವಾರ ಟೆಸ್ಟು. ಸೋಮವಾರ ಬೆಳಗಿನಿಂದ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಹಿಡಿದಿಡಬೇಕು. ಅದನ್ನು ಅಕ್ಕನ ಮನೆಯಲ್ಲಿ ಐಸ್ ತುಂಬಿದ ಕೂಲರಿನಲ್ಲಿಟ್ಟೆವು. ಸೋಮವಾರ ಅಂದಮೇಲೆ ಒಪ್ಪತ್ತು ಇದ್ದೇ ಇತ್ತು. ಸಂಜೆಯ ಊಟವನ್ನೂ "ಗಂಟಲ ಸರಿ ಇಲ್ಲ" ಎಂದು ಬಿಟ್ಟರು. ನೀರೂ ಬಿಟ್ಟಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಮರುದಿನ ತೂಕ ನೋಡುತ್ತಾರಲ್ಲ, ನೀರಿಗೂ ತೂಕವಿರುತ್ತದಲ್ಲ! ಬೆಳಿಗ್ಗೆ ಕ್ಯಾನ್ ಎತ್ತಿದರೆ ಕಾಲುಭಾಗವೂ ತುಂಬಿರಲಿಲ್ಲ. ಬಣ್ಣ ಚಹಾದ್ದು.

ಮಾಮಾ ಆರು ಗಂಟೆಗೇ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ದಿದ್ದರು. ನಾವು ಎಂಟಕ್ಕೆ ಆಸ್ಪತ್ರೆಯ ಗ್ಯಾರೇಜು ಮುಟ್ಟಿದೆವು. ಉಳಿದದ್ದನ್ನು ಹೇಳಿದ್ದೇನೆ.

ಟೆಸ್ಟಿಗೆ ಹೋದವರನ್ನು ಎಮರ್ಜೆನ್ಸಿಗೆ ಒಯ್ದರು. ಸಲೈನ್ ಹಚ್ಚಿದರು, ಇಸಿಜಿ ತೆಗೆದರು, ತುಟಿಗೆ ಎರಡು ಹೊಲಿಗೆ. ತೂಕವನ್ನೂ ನೋಡಿದರು. ಗುರಿಗಿಂತ ಒಂದು ಪೌಂಡ್ ಕಡಿಮೆಯೇ ಬಂತು. ಮಲಗಿದಲ್ಲಿಂದಲೇ ಇವರು ನನಗೆ ಹೆಬ್ಬೆರಳೆತ್ತಿ ತೋರಿಸಿದರು. ಆ ಬೆರಳು ಮುರಿಯಬೇಕೆನ್ನಿಸಿತು.

ಒಂದು ತಾಸಿನ ನಂತರ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನವರು, ಸ್ಟೂಲ್ ಎಳೆದುಕೊಂಡು ಕೂತರು. ಪೊಟ್ಯಾಶಿಯಂ ಕಡಿಮೆ, ಶುಗರ್ ಕಡಿಮೆ, ವಿಪರೀತ ಡಿಹೈಡ್ರೇಷನ್ ಎಂದರು. ಆಮೇಲೆ, ರಕ್ತದಲ್ಲಿ ಕ್ರಿಯಾಟಿನಿನ್ ಎರಡರ ಹತ್ತಿರ ಇದೆ, ಒಂದರ ಆಸುಪಾಸು ಇರಬೇಕಿತ್ತು, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು.

ಅಕ್ಕನಿಗೆ ಕೊಡಬೇಕಾಗಿದ್ದ ಕಿಡ್ನಿ.

ನೀರು ಸೇರಿದರೆ ಬಹುಶಃ ಸರಿಹೋಗುತ್ತದೆ, ಆದರೆ ಖಚಿತ ಹೇಳಲಾರೆ ಎಂದರು. ದಾನದ ಟೆಸ್ಟುಗಳೆಲ್ಲ ಸದ್ಯಕ್ಕೆ ನಿಂತವು. ತಿಂಗಳುಗಟ್ಟಲೆ ಕ್ರಿಯಾಟಿನಿನ್ ನೋಡಬೇಕು, ತೂಕ ಏರಿಳಿಯದೆ ನಿಲ್ಲಬೇಕು, ಮತ್ತೆ ಮೊದಲಿನಿಂದ. ಹತ್ತು ವಾರದಲ್ಲಿ ಮುಗಿಸಲು ಹೊರಟದ್ದು ಈಗ ಆರು ತಿಂಗಳಿಗಿಂತ ದೂರ ಹೋಗಿತ್ತು. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಳುತ್ತಿದ್ದರು. ನಾನು ಸಮಾಧಾನ ಮಾಡಲಿಲ್ಲ. ಆಗಲಿಲ್ಲ ನನ್ನಿಂದ.

ಮಧ್ಯಾಹ್ನ, ಇವರು ಬೇಡವೆಂದಿದ್ದ ಡಯೆಟಿಷಿಯನ್ ತಾನಾಗಿಯೇ ಬಂದಳು. ಇವರ ಆಪ್ ನೋಡಿದಳು. ನನ್ನ ಫೋನಿನ ವಿಡಿಯೋದಲ್ಲಿ ಅಪೂರ್ವಾ ಇದ್ದಳು. ದಿನಾ ಮೂರು ಬರಿಟೋ ಟೊರ್ಟಿಯಾ ತಿನ್ನುತ್ತೀರಾ ಎಂದು ಆಕೆ ಕೇಳಿದಳು. ಇಲ್ಲ, ರೊಟ್ಟಿ ಎಂದೆ. ಆ ಕಡೆಯಿಂದ ಅಪೂರ್ವಾ ಕಿರುಚಿದಳು.

"ಅಪ್ಪಾ! ಅಮ್ಮನ ರೊಟ್ಟಿ ಈಸ್ ಲೈಕ್ ಅ ಹಂಡ್ರೆಡ್!"

ಡಯೆಟಿಷಿಯನ್ ಎಲ್ಲವನ್ನೂ ಕೂಡಿಸಿದಳು. ರೊಟ್ಟಿ, ಟ್ರೆಡ್‌ಮಿಲ್, ಸೋಮವಾರ. ದಿನಕ್ಕೆ ಸುಮಾರು ಎರಡು ಸಾವಿರ ಕ್ಯಾಲರಿ ಕಡಿಮೆ ಬೀಳುತ್ತಿತ್ತು. ಇವರ ಮೈಗೆ ಐದುನೂರು ಕಡಿಮೆ ಮಾಡಿದರೆ ಸಾಕು, ಬಹಳವೆಂದರೆ ಏಳುನೂರೈವತ್ತು. ಅದಕ್ಕಿಂತ ಹೆಚ್ಚು ಮಾಡುವುದಾದರೆ ಡಾಕ್ಟರ ಕಣ್ಣೆದುರು ಮಾತ್ರ. ಇವರಂಥ ಗಂಡಸರು ತಾವಾಗಿ ಸಾವಿರದೈನೂರರ ಕೆಳಗೆ ಉಣ್ಣಬಾರದು. ಬೇಗ ಇಳಿದದ್ದರಲ್ಲಿ ಕೊಬ್ಬಿನ ಜೊತೆ ನೀರೂ ಸ್ನಾಯುವೂ ಹೋಗಿದೆ, ಇನ್ನೂ ಮುಂದುವರಿಸಿದ್ದರೆ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದಿತ್ತು ಎಂದಳು. ಇಷ್ಟೇ ಮಾತು. ಹದಿನೈದು ನಿಮಿಷ ಹಿಡಿಯಿತು. ಇದನ್ನೇ ಫೆಬ್ರವರಿಯಲ್ಲಿ ಪುಕ್ಕಟೆ ಹೇಳಿಕೊಡುತ್ತೇವೆಂದು ಅವರು ಅಂದಿದ್ದರು.

ಅಕ್ಕನಿಗೆ ಹೇಳಬಾರದೆಂದು ನಿರ್ಧರಿಸಿದೆವು. ಮೂರನೆಯ ದಿನ ಡಿಸ್ಚಾರ್ಜ್ ಆಗಿ ಅವರ ಮನೆಗೆ ಹೋಗುವ ತನಕ ಟೆಸ್ಟು ಹೆಚ್ಚಾಗಿವೆ ಎಂದು ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಇವರು ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಒಳಗೆ ಕಾಲಿಟ್ಟರು. ಅಕ್ಕ ಸೋಫಾದಿಂದ ಏಳದೆ ತುಟಿಯ ಹೊಲಿಗೆ ನೋಡಿದರು, ಅಂಗಿಯ ತೋಳು ಎತ್ತಿದರು. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ ಇನ್ನೂ ಇತ್ತು.

"ಕ್ರಿಯಾಟಿನಿನ್ ಎಷ್ಟ?"

ನಾಲ್ಕು ವರ್ಷದಿಂದ ಅದೇ ಅಂಕಿಯ ಜೊತೆ ಬದುಕುತ್ತಿರುವವರಿಗೆ ಏನು ಮುಚ್ಚಿಡುವುದು? ಇವರು ತಲೆ ತಗ್ಗಿಸಿಕೊಂಡು ಹೇಳಿದರು. ಟೊರ್ಟಿಯಾ, ಸೋಮವಾರ, ನೀರು, ಎಲ್ಲ. ಅಕ್ಕ ಅಂಗಿಯ ತೋಳು ಕೆಳಗೆಳೆದು ಪಟ್ಟಿ ಮುಚ್ಚಿದರು.

"ಬಸು, ನಾ ಒಂದ ಗುಟುಕ ನೀರಿಗೂ ಅಳತಿ ಹಾಕ್ಕೊಂಡ ಕುಡಿಯಾಕಿ. ನನಗ ಗತಿ ಇಲ್ಲ. ನೀ ಬಾಯಿ ಮುಂದ ಇದ್ದ ನೀರ ಬಿಟ್ಟ ಬಿದ್ದಿ. ನಾಚಿಕಿ ಬರಾಂಗಿಲ್ಲೇನ?"

"ನಿನ್ನ ಸಲುವಾಗಿ ಅಕ್ಕಾ. ಲಗೂನ ಆಗ್ಲಿ ಅಂತ."

"ನನ್ನ ಸಲುವಾಗಿ ಅಂದ್ರ ನನ್ನ ಕೇಳ್ಬೇಕಿತ್ತಿಲ್ಲೋ? ಉಪಾಸ ಸತ್ತವನ ಕಿಡ್ನಿ ನನಗ ಬ್ಯಾಡ. ಉಂಡವನದ ಇದ್ರ ಕೊಡ."

ಆಮೇಲೆ ನನ್ನ ಕಡೆ ತಿರುಗಿದರು. "ನೀ ಏನ್ ಮಾಡಾಕತ್ತಿದ್ದೆ ಶೈಲಾ?" ಎಂದಷ್ಟೇ ಕೇಳಿದರು.

ಅವತ್ತೇ ಅಕ್ಕ ಇವರನ್ನು ದೇವರ ಮುಂದೆ ನಿಲ್ಲಿಸಿ, ತಮ್ಮ ಹೆಸರಿನಲ್ಲಿ ಹೊತ್ತ ಸೋಮವಾರವನ್ನು ತಾವೇ ಬಿಡಿಸಿದರು. ಒಂದು ತೆಂಗಿನಕಾಯಿ ಒಡೆಸಿದರು. ಕಾಯಿಯಲ್ಲಿ ಪೊಟ್ಯಾಶಿಯಂ ಇದೆ, ಅವರು ತಿನ್ನುವಂತಿಲ್ಲ. ಇವರಿಗೆ ತಿನ್ನಿಸಿದರು.

ಈಗ ಏಳು ತಿಂಗಳಾಗಿವೆ. ಸಲೈನು, ಊಟ ಸೇರಿ ಮೊದಲು ಹನ್ನೊಂದು ಪೌಂಡ್ ವಾಪಸು ಬಂತು. ಅದನ್ನು ನೋಡಿ ಇವರು ಎರಡು ದಿನ ಮಾತು ಬಿಟ್ಟರು. ಆಮೇಲೆ ದಿನಕ್ಕೆ ಐದುನೂರರ ಲೆಕ್ಕದಲ್ಲಿ, ಕೆಲವು ವಾರ ಒಂದು ಪೌಂಡ್, ಕೆಲವು ವಾರ ಏನೂ ಇಲ್ಲ. ರೊಟ್ಟಿಯನ್ನು ತಕ್ಕಡಿಯಲ್ಲಿ ತೂಗಿ ಅಪೂರ್ವಾ ಆಪಿನಲ್ಲಿ ಹೊಸದಾಗಿ ಸೇರಿಸಿದ್ದಾಳೆ, 'ಅಮ್ಮನ ರೊಟ್ಟಿ' ಎಂದು. ಕಾಳುಪಲ್ಯ, ಮೊಸರು ಹೆಚ್ಚಾಗಿದೆ. ಕ್ರಿಯಾಟಿನಿನ್ ಮೊದಲಿನಂತಾಗಿದೆ. ಹೋದ ವಾರ ಆಸ್ಪತ್ರೆಯವರು ಮತ್ತೆ ಕ್ಯಾನ್ ಕೊಟ್ಟರು. ಈ ಸಲ ಒಂದು ಸಾಲದೆ ಎರಡನೆಯದು ತರಬೇಕಾಯಿತು. ಆಸ್ಪತ್ರೆಯ ಕಮಿಟಿ ಇನ್ನೂ ಹೂಂ ಅಂದಿಲ್ಲ. ಅನ್ನಬಹುದು. ಅನ್ನದೆಯೂ ಇರಬಹುದು. ಇವರ ಅವಸರದಿಂದ ಅಕ್ಕ ತೊಂಬತ್ತು ಸಲವಾದರೂ ಹೆಚ್ಚಿಗೆ ಸೂಜಿ ಚುಚ್ಚಿಸಿಕೊಂಡಿದ್ದಾರೆ. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ, ಇವರ ಮೇಲೂ, ನನ್ನ ಮೇಲೂ.

ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಕ ವಿಡಿಯೋ ಕಾಲ್ ಮಾಡುತ್ತಾರೆ. ಇವರು ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಾರೆ. ಊಟದ ತಟ್ಟೆ ಕ್ಯಾಮೆರಾಕ್ಕೆ ಹಿಡಿಯಬೇಕು. ಕೊನೆಗೆ ದೊಡ್ಡ ಲೋಟದ ನೀರು. ಮೊನ್ನೆ ಅರ್ಧ ಕುಡಿದು ಕೆಳಗಿಟ್ಟರು.

"ಪೂರಾ ಕುಡಿ" ಎಂದರು ಅಕ್ಕ.

ಅವರ ಬಾಯಲ್ಲಿ ಒಂದು ಐಸ್ ತುಂಡಿತ್ತು. ಅವತ್ತಿನ ಮಧ್ಯಾಹ್ನಕ್ಕೆ ಅಷ್ಟೇ ಅವರ ಪಾಲು. ಅದನ್ನು ಚೀಪುತ್ತ, ಇವರ ಗಂಟಲನ್ನೇ ನೋಡುತ್ತ, ಲೋಟ ಖಾಲಿಯಾಗುವ ತನಕ ಫೋನ್ ಹಿಡಿದುಕೊಂಡು ಕೂತಿದ್ದರು.