ಬೆಳಗಿನ ಸಾಲು ತಕ್ಕೊಂಡವನು

ಸೇಲಂನ ನಮ್ಮ ಪೊನ್ನಮ್ಮಾಪೇಟೆ ಬೀದಿಗೆ ಬೆಳಗಾಗುವುದು ಮಗ್ಗದ ಸದ್ದಿನಿಂದ. ಎದುರು ಮನೆಯಲ್ಲಿ ಮಾತ್ರ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಸುತ್ತಿತ್ತು. "ತಕ್ಕೊಂಡ್ನಾ?" ಎಂದು ನಾರಾಯಣಮ್ಮತ್ತೆ ಕೇಳುವರು. "ತಕ್ಕೊಂಡಮ್ಮ" ಎಂದು ಮಗಳು ರೋಜಾ ಹೇಳುವಳು. ಆಮೇಲೆ ಲಾಳಿ ಓಡುವುದು. ಈಗ ಆ ಪ್ರಶ್ನೆಯಿಲ್ಲ. ಆದರೂ ಬಾಗಿಲಿಗೆ ನೀರು ಹಾಕುವಾಗ ನನ್ನ ಕಿವಿ ಅದಕ್ಕೇ ಕಾಯುತ್ತದೆ. ದೆವ್ವ ಭೂತ ಎಂದರೆ ಬಿದ್ದು ಬಿದ್ದು ನಗುವವಳು ನಾನು. ಈ ಒಂದು ವಿಷಯದಲ್ಲಿ ಮಾತ್ರ ನಗು ಬರುವುದಿಲ್ಲ.

ರೋಜಾ ಎಂದು ಹೆಸರಿಟ್ಟವರಿಗೆ ಹೂವಿಗಿಂತ ಮುಳ್ಳೇ ಹೆಚ್ಚು ಕಂಡಿತ್ತೋ ಏನೋ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಓದಿ, ಇ-ಸೇವೆ ಸೆಂಟರಿನಲ್ಲಿ ಕೆಲಸಕ್ಕಿದ್ದಾಳೆ. ರೇಷನ್ ಕಾರ್ಡಿಗೆ, ಜಾತಿ ಸರ್ಟಿಫಿಕೇಟಿಗೆ ಬಂದ ಮುದುಕರನ್ನು ಬೈದುಕೊಂಡೇ ಅವರ ಕೆಲಸ ಮಾಡಿಕೊಡುತ್ತಾಳೆ. ಬೈಸಿಕೊಂಡವರೇ ಮತ್ತೆ ಅವಳ ಕಿಟಕಿಯನ್ನೇ ಹುಡುಕಿಕೊಂಡು ಬರುತ್ತಾರೆ. ಮದುವೆ ಮಾತೆತ್ತಿದರೆ "ಅಮ್ಮನ್ನ ಯಾರ್ ನೋಡ್ಕೊತಾರೆ, ನೀನಾ?" ಎಂದು ನನ್ನ ಮೇಲೇ ಎಗರುತ್ತಾಳೆ. ನಾನೂ ಬಿಡುವವಳಲ್ಲ. ನಮ್ಮಿಬ್ಬರ ಸ್ನೇಹ ಬೆಳೆದದ್ದೇ ಜಗಳದಲ್ಲಿ.

ನಾನು ಆನೇಕಲ್ಲಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಕನ್ನಡ ಓದಲು ಬರೆಯಲು ಬರುವ ಹೆಂಗಸು ಈ ಬೀದಿಗೆ ನಾನೊಬ್ಬಳೇ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದ ನೇಕಾರರ ಬೀದಿಯಿದು, ಎಲ್ಲರ ಬಾಯಲ್ಲೂ ಕನ್ನಡವಿದೆ, ಯಾರ ಕೈಯಲ್ಲೂ ಇಲ್ಲ. ಮಕ್ಕಳಂತೂ ಜಗಳಕ್ಕೂ ತಮಿಳನ್ನೇ ಹಿಡಿದಿದ್ದಾರೆ.

ಮಗ್ಗದ ಮನೆಯ ಒಂದು ಪದ್ಧತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳು, ನೇಯ್ದು ಮುಗಿದಾಗ ನಾವು ಮಗ್ಗವನ್ನು ಬರಿದು ಮಾಡುವುದಿಲ್ಲ. ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿಯುವ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಸೇರಿಸುತ್ತೇವೆ. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಹೀಗೆ ನಾರಾಯಣಮ್ಮತ್ತೆಯ ಮಗ್ಗದ ಎಳೆ ಅವರ ಮಾವನ ಕಾಲದಿಂದ ಕಡಿಯದೆ ಬಂದಿತ್ತು. ಹಣಿಗೆಗಳು ಸವೆದು ಬದಲಾಗಿದ್ದವು, ಎಳೆ ಮಾತ್ರ ಒಂದೇ.

ಅದನ್ನು ಕತ್ತರಿಸಿದವನು ಅವರ ಮಗ ವೇಣು, ರೋಜಾಳ ಅಣ್ಣ. ಅಪ್ಪ ಮಗ್ಗದ ಗುಂಡಿಯಲ್ಲೇ ಕೂತು ಕೂತು, ಕೆಮ್ಮಿ ಕೆಮ್ಮಿ ಸತ್ತ. ಕಾರ್ಯ ಮುಗಿದ ಮಾರನೆಯ ದಿನವೇ ಅಮ್ಮ ಮತ್ತೆ ಅದೇ ಗುಂಡಿಗೆ ಕಾಲಿಳಿಸಿದ್ದನ್ನು ಕಂಡು ವೇಣುವಿಗೆ ತಲೆ ಕೆಟ್ಟಿತು. ಕತ್ತರಿ ತಂದು ಹಣಿಗೆಯ ಎರಡೂ ಕಡೆ ಎಳೆಗಳನ್ನು ಕತ್ತರಿಸಿ, ಹಣಿಗೆಯನ್ನೇ ಕಿತ್ತುಕೊಂಡು ಹೊರಗೆ ಹೋದ. ಅಮ್ಮ ಇನ್ನು ನೇಯಬಾರದು ಎನ್ನುವುದೊಂದೇ ಅವನ ಮನಸ್ಸಿನಲ್ಲಿದ್ದದ್ದು. ಪ್ರೀತಿಗೆ ಇಷ್ಟು ಒರಟು ಕೈ ಇರುತ್ತದೆಂದು ನಾನು ಅವತ್ತೇ ಕಂಡದ್ದು.

ನಾರಾಯಣಮ್ಮತ್ತೆ ಬೀದಿಗೆ ಬಂದು ಕೂಗಿದರು. "ಮಾವನ ಕಾಲದ ಎಳೆ ಕುಯ್ದೋನು ನನ್ ಮಗ ಅಲ್ಲ. ನನ್ ಮಕ ನೋಡ್ಬ್ಯಾಡ, ಓಗು."

ಅವನು ಹೋದ. ಹಣಿಗೆಯನ್ನು ಚರಂಡಿಗೆ ಎಸೆದಿರಬೇಕೆಂದು ಎಲ್ಲರೂ ಅಂದುಕೊಂಡೆವು. ಅತ್ತೆ ಹೊಸ ಹಣಿಗೆ ತರಿಸಿ, ಒಂದೊಂದು ಎಳೆಯನ್ನೂ ಹೊಸದಾಗಿ ಪೋಣಿಸಿ ನೇಯಲು ಕೂತರು. "ತಾಯಿಲ್ಲದ ಆಸು ಇದು" ಎಂದು ಆ ಬಟ್ಟೆಯನ್ನು ಬೈಯುತ್ತಲೇ ನೇಯುತ್ತಿದ್ದರು.

ವೇಣು ಏರ್ಕಾಡಿನ ಒಂದು ಕಾಫಿ ಎಸ್ಟೇಟಿನಲ್ಲಿ ಗುಮಾಸ್ತನಾದ. ಇಲ್ಲಿ ಮಾಳಿಗೆ ಹತ್ತಿದರೆ ಆ ಬೆಟ್ಟ ಕಾಣುತ್ತದೆ. ಆದರೂ ಅವನು ಇಳಿದು ಬರಲಿಲ್ಲ, ಇವರು ಕರೆಯಲಿಲ್ಲ. ಹಟದಲ್ಲಿ ತಾಯಿಯನ್ನೇ ಹೋಲುತ್ತಿದ್ದ. ತಂಗಿಗೆ ಮಾತ್ರ ಯಾವಾಗಲಾದರೂ ಒಂದು ಫೋನು. ಅಂಥ ಒಂದು ಫೋನಿನಲ್ಲಿ ಅವನು ಕೇಳಿದನಂತೆ, "ಅಮ್ಮ ಮಗ್ಗದಾಗೆ ತಾನೇ ತಾನು ಮಾತಾಡ್ಕೊತಾಳಲ್ಲ, ಈಗ್ಲೂ ಮಾತಾಡ್ತಾಳೇನೇ?"

ಅಲ್ಲಿಂದ ಆ ಪೆಟ್ಟಿಗೆ ಶುರುವಾಯಿತು. ರೋಜಾ ತನ್ನ ಸೆಂಟರಿನಲ್ಲಿ ಮೂಲೆಗೆಸೆದಿದ್ದ ಹಳೆಯ ಕಂಪ್ಯೂಟರೊಂದನ್ನು ತಂದು ಮಗ್ಗದ ಕೋಣೆಯ ಹಲಗೆಯ ಮೇಲಿಟ್ಟಳು. ಅಣ್ಣ ಫೋನಿನಲ್ಲಿ ಹೇಳುತ್ತ ಹೋದ, ಇವಳು ಮಾಡುತ್ತ ಹೋದಳು. ನಡುನಡುವೆ ಇಬ್ಬರೂ ತಮಿಳಿನಲ್ಲಿ ಬೈದಾಡಿಕೊಂಡರು. ದಿನಕ್ಕೆ ಅಮ್ಮನ ಮಾತಿನ ಒಂದು ಸಾಲು. ಒಂದು ಸಾಲಿಗೆ ಒಂದು ಪುಟ್ಟ ಫೈಲು. ಎಲ್ಲ ಸೇರಿ ಒಂದು ಬಿಳಿ ಪುಟವಾಗಿ ಕಾಣುತ್ತಿತ್ತು. ಅದರಲ್ಲಿ ಚಿತ್ರವಿಲ್ಲ, ಲೈಕಿಲ್ಲ, ಯಾರೂ ಬಂದು ಬಾಯಿ ಹಾಕುವ ಜಾಗವಿಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ಮನೆಯ ಪೆಟ್ಟಿಗೆಯಲ್ಲೇ ಇರುವ ಪುಟ.

ಬರೆದದ್ದನ್ನು ಕಾಯುವುದಕ್ಕೆ ಗಿಟ್ ಎಂಬ ಏರ್ಪಾಡು. ನನಗೆ ತಲೆಬುಡ ತಿಳಿಯಲಿಲ್ಲ. ರೋಜಾ ಬಿಡಿಸಿ ಹೇಳಿದಳು. "ಕೆಚ್ಚಿದಂಗೆ ಅಕ್ಕ. ಇವತ್ತಿನ್ ಸಾಲು ನೆನ್ನೇದನ್ನ ಇಡ್ಕೊಂಡಿರ್ತೈತೆ, ನೆನ್ನೇದು ಮೊನ್ನೇದನ್ನ. ನಡುವೆ ಯಾರಾನ ಕೈ ಆಕಿದ್ರೆ ತಿಳ್ದೋಗ್ತೈತೆ. ಅಣ್ಣನೇ ಇದು ಬೇಕು ಅಂದ. ಇದ್ರಾಗೆ ಕುಯ್ದಾಕಕ್ಕೆ ಆಗಲ್ಲ ಕಣೇ ಅಂದ."

ಅಷ್ಟು ಹೇಳಿ ರೋಜಾ ಮೂಗೊರೆಸಿಕೊಂಡು ತಂತಿ ಸಿಕ್ಕಿಸುವುದರಲ್ಲಿ ಮುಳುಗಿದಳು.

ವೇಣು ತನ್ನ ಕೋಣೆಯಲ್ಲೂ ಒಂದು ಕಂಪ್ಯೂಟರಿಟ್ಟು, ಅದಕ್ಕೆ ಅಲ್ಲಿನ ಬೆಟ್ಟದ ದೇವರ ಹೆಸರಿಟ್ಟ, ಸೇರ್ವರಾಯನ್ ಎಂದು. ದಿನಾ ಬೆಳಗ್ಗೆ ಅದು ಇಲ್ಲಿಂದ ಹೊಸ ಸಾಲಿನ ಪ್ರತಿ ತಕ್ಕೊಳ್ಳುತ್ತಿತ್ತು. ತಕ್ಕೊಂಡರೆ ಇಲ್ಲಿನ ತೆರೆಯ ಮೇಲೆ ಅದರ ಹೆಸರು ಮೂಡುತ್ತಿತ್ತು. ಅವನದು ಒಂದೇ ಷರತ್ತು: "ನಂಗೆ ಫೋನ್ ಮಾಡ್ಬ್ಯಾಡಿ. ಸಾಲು ಆಕಿ, ನಾ ತಕ್ಕೊತೀನಿ." ಅಲ್ಲಿಂದ ಅವನ ಫೋನೂ ನಿಂತಿತು.

ರೋಜಾ ಬರೆಯುತ್ತಿದ್ದದ್ದು ಕನ್ನಡ, ಅಕ್ಷರ ತಮಿಳಿನದು. ನಾನು ರೇಗಿಸುತ್ತಿದ್ದೆ. "ನಿಂಗೇನಕ್ಕ, ಅಣ್ಣಂಗೆ ಓದಕ್ಕೆ ಬಂದ್ರೆ ಸಾಕು" ಅನ್ನುತ್ತಿದ್ದಳು. ಆ ಸಾಲುಗಳೋ, ಅತ್ತೆಯ ಬಾಯಿಂದ ಬಿದ್ದದ್ದು ಬಿದ್ದ ಹಾಗೇ. "ನೂಲು ಗಂಜಿ ಜಾಸ್ತಿ ಕುಡ್ದೈತೆ, ಬೆಳ್ಳು ಕೊಯ್ತೈತೆ." "ಮೇಟ್ಟೂರಾಗೆ ನೀರು ಬಿಟ್ರಂತೆ." "ಮುರುಂಗೆಕಾಯಿ ಸಾರು ಮಾಡಿವ್ನಿ, ಯಾರ್ ತಿಂತಾರೆ." ಮಗನ ಹೆಸರು ಒಂದರಲ್ಲೂ ಇರಲಿಲ್ಲ. ಆದರೆ ಹೇಳುವಾಗ ಅತ್ತೆ ಆ ಪೆಟ್ಟಿಗೆಯ ಕಡೆಗೇ ಮುಖ ತಿರುಗಿಸುತ್ತಿದ್ದರು. ನುಗ್ಗೆಕಾಯಿ ಸಾರಿನ ಮಾತು ಹೇಳಿದ ದಿನ ದನಿ ಎಷ್ಟು ಮೆತ್ತಗಿತ್ತೆಂದರೆ, ಬಾಗಿಲಲ್ಲಿ ನಿಂತಿದ್ದ ನಾನು ಕೆಮ್ಮದೆ ವಾಪಸು ಬಂದೆ.

ಹೀಗೆ ಆ ಮನೆಯಲ್ಲಿ ಪ್ರಶ್ನೆ ಹುಟ್ಟಿತು. ತಕ್ಕೊಂಡ್ನಾ? ತಕ್ಕೊಂಡಮ್ಮ. ಅಷ್ಟಕ್ಕೇ ಆ ತಾಯಿಯ ಜೀವ ತಂಪಾಗುತ್ತಿತ್ತು.

ಈ ಪೊಂಗಲಿಗೆ ಮುಂಚೆ ಅತ್ತೆ ಹಟ ಬಿಟ್ಟರು. ಬೆಳಗ್ಗೆ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು, "ಬರ್ಕೋಲೇ ರೋಜಾ. ವೇಣು, ಬೈದಿದ್ದು ನಾನೇ. ಬಂದ್ಬುಡು ಸಾಮಿ, ಅಬ್ಬಕ್ಕೆ ಒಂದ್ ತುತ್ತು ತಿನ್ಕೊಂಡು ಓಗು."

ಸೇರ್ವರಾಯನ್ ಅದನ್ನೂ ತಕ್ಕೊಂಡ. ಹಬ್ಬ ಬಂತು, ಹೋಯಿತು. ವೇಣು ಬರಲಿಲ್ಲ. ಮರುದಿನದ ಸಾಲನ್ನೂ ತಕ್ಕೊಂಡ, ಅದರ ಮರುದಿನದ್ದನ್ನೂ.

ನಾರಾಯಣಮ್ಮತ್ತೆ ಕುಗ್ಗಿಹೋದರು. "ತಕ್ಕೊಂಡೂ ಬರ್ಲಿಲ್ವಲ್ಲೇ" ಎಂದು ತಟ್ಟೆ ದೂಡುವರು. ಮಗ್ಗ ನಿಂತು ನಿಂತು ನಡೆಯತೊಡಗಿತು. ರೋಜಾ ಷರತ್ತು ಮುರಿದು ಫೋನ್ ಮಾಡಿದಳು. ಸ್ವಿಚ್ ಆಫ್. ಅವಳ ಮೂಗಿನ ತುದಿಗೆ ಸಿಟ್ಟು ಬಂತು. "ಓಗಿ ಕುತ್ತಿಗೆ ಇಡ್ದು ಎಳ್ಕೊಂಡು ಬರ್ತೀನಿ. ಬಾ ಅಕ್ಕ" ಎಂದು ನನ್ನನ್ನೂ ಹೊರಡಿಸಿದಳು. ಘಾಟಿ ಬಸ್ಸಿನಲ್ಲಿ ತಿರುವು ತಿರುವಿಗೂ ಅಣ್ಣನಿಗೆ ಏನೇನು ಬೈಯಬೇಕೆಂದು ನನಗೆ ಒಪ್ಪಿಸುತ್ತಿದ್ದಳು. ನಾನೂ ಒಂದೆರಡು ಬೈಗುಳ ಹೇಳಿಕೊಟ್ಟೆ.

ಎಸ್ಟೇಟಿನ ಗೇಟಿನಲ್ಲಿ ಸೆಲ್ವಂ ಎಂಬ ವಾಚ್‌ಮನ್ ಇದ್ದ. ವೇಣುವಿನ ತಂಗಿ ಎಂದು ಕೇಳಿದೊಡನೆ ತಲೆಗೆ ಸುತ್ತಿದ್ದ ಟವೆಲ್ ತೆಗೆದ. "ವೇಣು ಸಾರಾ? ದೀಪಾವಳಿಕ್ಕು ಮುನ್ನಾಡಿಯೇ ಇರಂದುಟ್ಟಾರಮ್ಮ."

ದೀಪಾವಳಿಗೆ ಮೊದಲೇ ಸತ್ತುಹೋಗಿದ್ದ. ಜೋರು ಮಳೆಯ ವಾರ, ಜ್ವರ ಎದೆಗೆ ಇಳಿದು, ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ. ಫೋನು ಲಾಕ್ ಆಗಿತ್ತು. ಕೆಲಸಕ್ಕೆ ಸೇರುವಾಗ ಅವನು ಕೊಟ್ಟಿದ್ದದ್ದು ನಂಗವಳ್ಳಿಯ ಅಜ್ಜಿ ಮನೆಯ ವಿಳಾಸ. ಆ ಮನೆಗೆ ಈಗ ಬೀಗ ಹಾಕಲು ಬಾಗಿಲೂ ಇಲ್ಲ. ಹುಡುಕಿಕೊಂಡು ಹೋದವರು ಬರಿಗೈಲಿ ಬಂದರಂತೆ. ಕೊನೆಗೆ ಎಸ್ಟೇಟಿನವರೇ ಸೇರಿ ಬೆಂಕಿಯಿಟ್ಟರಂತೆ. ಸೆಲ್ವಂ ಇದನ್ನೆಲ್ಲ ಹೇಳುವಾಗ ರೋಜಾ ಗೇಟಿನ ಕಂಬಿಯನ್ನು ಹಿಡಿದು ನಿಂತಿದ್ದಳು. ಅಳಲಿಲ್ಲ. "ಹಾಗಾದ್ರೆ ತಕ್ಕೊತಿರೋದು ಯಾರು?" ಎಂದು ಮಾತ್ರ ಕೇಳಿದಳು.

ಸೆಲ್ವಂ ವೇಣುವಿನ ಕೋಣೆಯ ಬಾಗಿಲು ತೆರೆದ. ಹಾಸಿಗೆ ಸುತ್ತಿಟ್ಟಿತ್ತು. ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರಿನ ಹಸಿರು ದೀಪ ಮಿನುಗುತ್ತಿತ್ತು. ಇದನ್ನು ಯಾವತ್ತೂ ಆಫ್ ಮಾಡಬೇಡಿ ಎಂದು ವೇಣು ಹೇಳಿದ್ದನಂತೆ. ಸತ್ತವನ ಮಾತು ಮೀರಲು ಯಾರಿಗೂ ಮನಸ್ಸಾಗಿರಲಿಲ್ಲ. ಹೊಸ ಗುಮಾಸ್ತನೂ ಆ ಕೋಣೆಗೆ ಬರಲು ಒಪ್ಪಿರಲಿಲ್ಲ.

ರೋಜಾ ತೆರೆ ಒರೆಸಿ ನೋಡಿದಳು. ಬೆಳಗಾದೊಡನೆ ತಕ್ಕೊಳ್ಳಬೇಕೆಂದು ಅವನು ಯಂತ್ರಕ್ಕೆ ಒಮ್ಮೆ ಹೇಳಿಟ್ಟಿದ್ದ. ಅದು ಮಾತು ಉಳಿಸಿಕೊಂಡಿತ್ತು. ಅವತ್ತು ಬೆಳಗಿನ ಸಾಲೂ ಬಂದು ಕೂತಿತ್ತು. ಪೊಂಗಲಿನ ಸಾಲೂ ಇತ್ತು. ಬೈದಿದ್ದು ನಾನೇ, ಬಂದ್ಬುಡು ಸಾಮಿ. ಅಮ್ಮ ಅದನ್ನು ಹೇಳುವ ಹೊತ್ತಿಗೆ ಓದಬೇಕಾದವನು ಬೂದಿಯಾಗಿದ್ದ. ರೋಜಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಕಂಪ್ಯೂಟರ್ ಓದಿದೋಳು ನಾನು. ಹೆಸ್ರು ಕಂಡ್ರೆ ಅಣ್ಣನ್ನೇ ಕಂಡಂಗೆ ಆಗ್ತಿತ್ತಕ್ಕ" ಎಂದು ನನ್ನ ಸೆರಗಿನಲ್ಲಿ ಮುಖವಿಟ್ಟು ಅತ್ತಳು.

ಗೋಡೆಯ ಮೊಳೆಗೆ ಏನೋ ತೂಗುಹಾಕಿತ್ತು. ಒಣಗಿದ ಮಲ್ಲಿಗೆ ಎಸಳು ಅದಕ್ಕೆ ಅಂಟಿತ್ತು. ಸೆಲ್ವಂ ಎತ್ತಿ ಕೊಟ್ಟ. ಹಣಿಗೆ. ಕತ್ತರಿಸಿದ ಎಳೆಗಳು ಹಲ್ಲುಗಳಲ್ಲಿ ಹಾಗೇ ಇದ್ದವು, ಒಂದೂ ಜಾರದಂತೆ ಎರಡೂ ಕಡೆ ಗಂಟು ಹಾಕಿದ್ದ. ಶುಕ್ರವಾರ ಅದಕ್ಕೆ ಹೂವಿಡುತ್ತಿದ್ದನಂತೆ.

ಹೊರಡುವಾಗ ನಾನು ಆ ದೀಪದ ಕಡೆ ಕೈ ತೋರಿಸಿದೆ. "ಆಫ್ ಮಾಡೇ. ನೋಡಕ್ಕಾಗಲ್ಲ."

"ಬ್ಯಾಡಕ್ಕ. ನಾಳೆ ಅಮ್ಮ ಕೇಳ್ತಾಳೆ. ನಾನೇನಂತ ಏಳ್ಲಿ?"

ಬೆಟ್ಟ ಇಳಿಯುವಾಗ ಅವಳು ಒಂದೇ ಮಾತು ಹೇಳಿದ್ದು. ಅಮ್ಮನಿಗೆ ಹೇಳುವುದು ಬೇಡ, ಇದ್ದಷ್ಟು ದಿನ ಅವಳು ಕೇಳಲಿ, ನಾನು ತಕ್ಕೊಂಡ ಅನ್ನುತ್ತೇನೆ, ಎಂದು. ಸತ್ತವನನ್ನು ದಿನಾ ಬೆಳಗ್ಗೆ ಎಬ್ಬಿಸಿ ಮನೆಗೆ ಕರೆದಂತೆ ನನಗೆ ಕಂಡಿತು. ರೋಜಾ ಹಣಿಗೆಯನ್ನು ಬ್ಯಾಗಿನ ತಳಕ್ಕೆ ಹಾಕಿ ಮೇಲೆ ಶಾಲು ಮುಚ್ಚಿದಳು.

ಮನೆಗೆ ಹೋದಾಗ ಅತ್ತೆ ಜಗಲಿಯಲ್ಲೇ ಕಾದು ಕೂತಿದ್ದರು. "ಸಿಕ್ಕಿದ್ನಾ?" ರೋಜಾ, "ರಜೆ ಆಕಿ ಎಲ್ಲೋ ಓಗವ್ನೆ" ಅನ್ನುವಷ್ಟರಲ್ಲಿ ಅತ್ತೆ ಎಂದಿನಂತೆ ಮಗಳ ಬ್ಯಾಗು ಇಸಿಕೊಂಡು ಊಟದ ಡಬ್ಬಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ನೇಕಾರರ ಬೆರಳಿಗೆ ಕಣ್ಣು ಬೇಡ. ಮೆಲ್ಲಗೆ ಹಣಿಗೆಯನ್ನು ಹೊರಗೆ ತೆಗೆದರು. ಗಂಟುಗಳನ್ನು ಸವರಿದರು. ಎಳೆಗಳನ್ನು ಮೂಗಿಗೆ ಹಿಡಿದರು.

"ಇಷ್ಟ್ ಜೋಪಾನ ಇಟ್ಟೋನು ಬದುಕಿದ್ರೆ ಇದನ್ನ ನಿನ್ ಕೈಲಿ ಕಳಿಸ್ತಿರ್ಲಿಲ್ಲ" ಎಂದರು. "ಯಾವಾಗ?"

ರೋಜಾ ಹೇಳಿದಳು. ಅತ್ತೆ ಕಣ್ಣೀರು ಹಾಕಲಿಲ್ಲ. ನೇರವಾಗಿ ಒಳಗೆ ಹೋಗಿ, ಮಗ್ಗದಲ್ಲಿದ್ದ ತಾಯಿಲ್ಲದ ಹಾಸನ್ನು ತಾವೇ ಕತ್ತರಿಸಿದರು. ವೇಣುವಿನ ಹಣಿಗೆಯನ್ನು ಕೂರಿಸಿ, ಅವನು ಹಾಕಿದ್ದ ಗಂಟು ಬಿಚ್ಚಿ, ಹಳೆಯ ತುದಿಗಳಿಗೆ ಎಳೆ ಕೆಚ್ಚತೊಡಗಿದರು. ರೋಜಾ ಒಂದು ಕಡೆ, ನಾನು ಒಂದು ಕಡೆ ಎಳೆ ಬಿಡಿಸಿ ಕೊಟ್ಟೆವು. ದಿನಗಟ್ಟಲೆ ಆ ಕೆಲಸ ನಡೆಯಿತು. ಎಳೆ ಜಾರದಂತೆ ಬೂದಿ ಹಚ್ಚಿಕೊಂಡ ಬೆರಳುಗಳು ಹೊಸೆಯುತ್ತಲೇ ಇದ್ದವು. ಬೆಳಗ್ಗೆ ಅತ್ತೆ ಸಾಲು ಹೇಳಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಹಲಗೆಯ ಮೇಲೆ ಪೆಟ್ಟಿಗೆ ಮಾತ್ರ ಗುಂಯ್ ಅನ್ನುತ್ತಿತ್ತು. ಅದರ ಕಡೆಗೆ ಬೆನ್ನು ಮಾಡಿ ಕೂರಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಕೊನೆಯ ಎಳೆ ಸೇರಿದ ಸಂಜೆ ಅತ್ತೆ ಹೇಳಿದರು, "ಬರ್ಕೋ. ವೇಣು, ಕೆಚ್ಚಾಯ್ತಪ್ಪ. ಎಳೆ ಸೇರ್ತು."

ಬೆಳಗ್ಗೆ ತೆರೆಯ ಮೇಲೆ ಸೇರ್ವರಾಯನ್ ಹೆಸರು ಮೂಡಿತು. ಅತ್ತೆ ಅದನ್ನು ತಾವೇ ನಿಂತು ನೋಡಿದರು. ಆಮೇಲೆ ಮಗಳ ತಲೆ ಸವರಿ ಹೇಳಿದರು, "ಇನ್ನ ಬಿಟ್ಬುಡೇ ಅವನ್ನ. ದಿನಾ ಬೆಳಗಾದ್ರೆ ಕರೀತಾ ಇದ್ರೆ ಅವ್ನು ಓಗೋದೆಂಗೆ?"

ರೋಜಾ ಸೆಲ್ವಂಗೆ ಫೋನ್ ಮಾಡಿದಳು. ಬೆಟ್ಟದ ಮೇಲಿನ ಆ ಹಸಿರು ದೀಪ ಆರಿತು.

ಮರುದಿನ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಅತ್ತೆ ಗುಂಡಿಗೆ ಕಾಲಿಳಿಸಿದ್ದು, ಲಾಳಿ ಎತ್ತಿಕೊಂಡದ್ದು ಕಂಡಿತು. ರೂಢಿ ಅವರ ಬಾಯನ್ನು ಬಿಡಲಿಲ್ಲ.

"ತಕ್ಕೊಂಡ್ನಾ?"

ರೋಜಾ ಹಲಗೆಯ ಬಳಿ ಹೋಗಿ ತೆರೆ ನೋಡಿದಳು. ಆಮೇಲೆ ಹೇಳಿದಳು, "ಇಲ್ಲಮ್ಮ. ತಕ್ಕೊಳ್ಲಿಲ್ಲ."

ನಾರಾಯಣಮ್ಮತ್ತೆಯ ಪಾಲಿಗೆ ಮಗ ಸತ್ತದ್ದು ಅವತ್ತು. ಮಗ್ಗದ ಮೇಲೆ ಬಿದ್ದು ಅವರು ಅತ್ತ ಅಳುವಿಗೆ ಬೀದಿಯ ಮಗ್ಗಗಳೆಲ್ಲ ನಿಂತವು.