ಟೇಪ್ ನಿಂತ ಮೇಲೂ ಹಾಡಿದ ಅಕ್ಕ

ಇವತ್ತು ಮೂಡುಬಿದಿರೆ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಬ್ಯಾಂಜೊ ಕೇಳಿಸಿತು. ಪಕ್ಕದಲ್ಲಿದ್ದ ಅಕ್ಕನನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ದುಬೈಯಲ್ಲಿದ್ದ ಮಾವ ಒಮ್ಮೆ ಕ್ಯಾಸೆಟ್ ತಂದಿದ್ದರು. ಅಮೆರಿಕದ ಗಾಯಕಿಯೊಬ್ಬಳ ಆಯ್ದ ಹಾಡುಗಳು, ಉದ್ದಕ್ಕೂ ಇದೇ ಬ್ಯಾಂಜೊದ ತಂತಿನಾದ. ಅಲ್ಲಿನ ಆ ಹಳ್ಳಿಗಾಡಿನ ಸಂಗೀತಕ್ಕೆ ಬ್ಲೂಗ್ರಾಸ್ ಎನ್ನುತ್ತಾರೆಂದು ಹೇಳಿದ್ದೂ ಅವರೇ. ಒಂದು ಪದವೂ ಅರ್ಥವಾಗದೆ ಅಕ್ಕ ಅಷ್ಟನ್ನೂ ಬಾಯಿಪಾಠ ಮಾಡಿದಳು. ಅವಳು ಹಾಡಿದರೆ ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಆ ವರ್ಷವೇ ಅಕ್ಕನಿಗೆ ಮಿದುಳು ಜ್ವರ ಬಂತು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಆಸ್ಪತ್ರೆಯಿಂದ ಬಂದವಳೇ ಟೇಪ್ ಹಾಕಿ, "ಹಾಡು ಬರ್ತಾ ಉಂಟಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿ ಹಾಡತೊಡಗಿದಳು. ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು. ತಡೆಯಲಾರದೆ ಅಮ್ಮ ಬಂದು ಟೇಪ್ ನಿಲ್ಲಿಸಿದರು. ಅಕ್ಕ ಹಾಡುತ್ತಲೇ ಇದ್ದಳು. ಕಣ್ಣು ತೆರೆದು ನಮ್ಮ ಮುಖ ನೋಡಿದವಳು ಮತ್ತೆಂದೂ ಹಾಡಲಿಲ್ಲ.

"ಯಾಕೆ ಮಾರಾಯ್ತಿ, ಅಳ್ತಾ ಇದ್ದೀಯಾ?" ಎಂದಳು ಅಕ್ಕ ಬಸ್ಸಿನಲ್ಲಿ. ಏನೆಂದು ಕೈಸನ್ನೆ ಮಾಡಲಿ?